ಪರದೇಶದ ವಿದ್ಯಾರ್ಥಿ ಮತ್ತು ಆತಿಥ್ಯದ ಇತಿಹಾಸ



ವಿದ್ಯಾರ್ಜನೆಗಾಗಿ ಸ್ವದೇಶವನ್ನು ಬಿಟ್ಟು ಹೋದ ತರುಣರಿಗೆ ಅಲ್ಲಿನ ವಿಶ್ವವಿದ್ಯಾನಿಲಯಗಳು ಪಾಠಪ್ರವಚನಗಳೊಡನೆ ಸಂಗೀತಗೋಷ್ಠಿ, ನಾಟಕ, ಉತ್ಸವ, ಪ್ರವಾಸ ಮೊದಲಾದುವನ್ನೂ ಏರ್ಪಡಿಸುತ್ತವೆ. ಇವೆಲ್ಲ ಬಿಡುವಿನ ವೇಳೆಯ ವಿನೋದವೆಂದು ಬಗೆಯುವವರುಂಟು. ಆದರೆ ಇವು ಬೆಳೆದುಬಂದ ಬಗೆಯನ್ನು ಪರಿಶೀಲಿಸಿದರೆ, ಪರಸ್ಥಳದ ವಿದ್ಯಾರ್ಥಿಯ ಏಕಾಕಿತನಕ್ಕೆ ಹುಡುಕಿಕೊಂಡ ಪರಿಹಾರಗಳಲ್ಲಿಯೇ ಇವುಗಳ ಮೂಲವಿರುವುದು ತಿಳಿದುಬರುತ್ತದೆ.

12ನೆಯ ಶತಮಾನದಲ್ಲಿ ಕಾನೂನು ಕಲಿಯಲೆಂದು ಯೂರೋಪಿನ ನಾನಾ ಕಡೆಗಳಿಂದ ಇಟಲಿಯ ಬೊಲೋನ್ಯಾ ನಗರಕ್ಕೆ ಬರುತ್ತಿದ್ದವರಿಗೆ, ತಮ್ಮ ಊರಿನವರಾರೋ ಮಾಡಿದ ಸಾಲಕ್ಕಾಗಿ ತಾವು ಸೆರೆಸಿಕ್ಕುವ ಭಯವಿದ್ದಿತು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಶಾಸನವೊಂದರಿಂದ ಆ ಭಯವನ್ನು ನಿವಾರಿಸಿ ಅವರ ಸಂಚಾರಕ್ಕೆ ರಕ್ಷಣೆಯಿತ್ತನು. ಆದರೆ ರಾಜಶಾಸನದಿಂದ ಸ್ನೇಹ ದೊರೆಯಲಾರದಷ್ಟೆ. ಆದುದರಿಂದ ವಿದ್ಯಾರ್ಥಿಗಳೇ ತಮ್ಮ ತಮ್ಮ ನಾಡಿಗನುಸಾರವಾಗಿ ಸಂಘಗಳನ್ನು ಕಟ್ಟಿಕೊಂಡು, ರೋಗಿಗಳಾದವರನ್ನು ನೋಡಿಕೊಳ್ಳುತ್ತ, ತೀರಿಕೊಂಡವರ ಅಂತ್ಯಸಂಸ್ಕಾರವನ್ನು ನೆರವೇರಿಸುತ್ತ, ಹಬ್ಬಹುಣ್ಣಿಮೆಗಳನ್ನು ಒಟ್ಟಾಗಿ ಆಚರಿಸುತ್ತ ಬಂದರು.

17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಗುರುವೊಬ್ಬನನ್ನು ಜತೆಗಿಟ್ಟುಕೊಂಡು ಪ್ಯಾರಿಸ್, ಫ್ಲಾರೆನ್ಸ್, ರೋಮ್ ನಗರಗಳನ್ನು ನೋಡಿಬರುವುದು ವಿದ್ಯಾಭ್ಯಾಸದ ಅಂಗವೆನಿಸಿತು. ಪ್ರವಾಸಕ್ಕೆ ವಿದ್ಯೆಯ ಗೌರವ ಬಂದುದು ಅಲ್ಲಿಂದಲೇ. ಆದರೂ ಅದು ಐಶ್ವರ್ಯವಂತರಿಗೆ ಮಾತ್ರ ಎಟಕುವ ಭಾಗ್ಯವಾಗಿದ್ದಿತು.

ನಮ್ಮ ದೇಶದ ತರುಣರು ಇಂಗ್ಲೆಂಡಿಗೆ ಹೋದಾಗ, ಬೊಲೋನ್ಯಾದವರಂತೆ ತಮ್ಮ ಆಸರೆಯನ್ನು ತಾವೇ ನಿರ್ಮಿಸಿಕೊಂಡರು. 1891ರಲ್ಲಿ ಕೇಂಬ್ರಿಜ್ಜಿನಲ್ಲಿಯೂ 1896ರಲ್ಲಿ ಆಕ್ಸ್‌ಫರ್ಡಿನಲ್ಲಿಯೂ ಸ್ಥಾಪಿತವಾದ ಭಾರತೀಯ ಮಜ್ಲಿಸ್ಸುಗಳು ಚರ್ಚೆಗೂ ಸ್ನೇಹಕೂಟಕ್ಕೂ ಅವರಿಗೆ ನೆಲೆಯಾದುವು. ಮುಂದೆ ಲಕ್ಷಾಂತರ ಜನರೆದುರು ನಿರರ್ಗಳವಾಗಿ ಮಾತನಾಡಿದ ಜವಾಹರಲಾಲ್ ನೆಹರೂ ಅವರು, ಕೇಂಬ್ರಿಜ್ಜಿನಲ್ಲಿದ್ದ ಮೂರು ವರ್ಷಗಳಲ್ಲಿ ಈ ಮಜ್ಲಿಸ್ಸಿಗೆ ಎಷ್ಟೋ ಬಾರಿ ಹೋದರೂ ಸಂಕೋಚದಿಂದಾಗಿ ಮಾತನಾಡಿದುದೇ ವಿರಳವೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಾತನಾಡದಿದ್ದವನಿಗೂ ಕುಳಿತು ಕೇಳುವುದಕ್ಕೆ ಅಲ್ಲಿ ಸ್ಥಳವಿದ್ದಿತು ಎಂಬುದೇ ಆ ಸಂಸ್ಥೆಯ ಹಿರಿಮೆ.

ಇಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮವರನ್ನು ತಾವು ಕಾಪಾಡಿಕೊಂಡರು; ನೆಲದವರೇ ಬಾಗಿಲು ತೆರೆದ ಬಗೆಯನ್ನು ತಿಳಿಯಲು ನ್ಯೂಯಾರ್ಕಿಗೆ ಹೋಗಬೇಕು. 1909ರ ಒಂದು ಬೆಳಗ್ಗೆ ಹ್ಯಾರಿ ಎಡ್ಮಂಡ್ಸ್ ಎಂಬಾತನು ಕೊಲಂಬಿಯಾ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಶುಭೋದಯ ಹೇಳಿ ಮುಂದೆ ನಡೆದನು. ಆ ತರುಣನು ಅವನನ್ನು ತಡೆದು ಕೃತಜ್ಞತೆಯನ್ನು ಸೂಚಿಸಿ, ತಾನು ಊರಿಗೆ ಬಂದು ಮೂರು ವಾರಗಳಾದರೂ ತನ್ನನ್ನು ಮಾತನಾಡಿಸಿದವನು ನೀನೇ ಮೊದಲಿಗನೆಂದನು. ಜನನಿಬಿಡವಾದ ಮಹಾನಗರದಲ್ಲಿ ಒಬ್ಬ ವಿದ್ಯಾವಂತನು ಮೂರು ವಾರ ಮಾತಿಲ್ಲದೆ ಕಳೆದನೆಂಬುದು ಎಡ್ಮಂಡ್ಸನ ಮನಸ್ಸನ್ನು ಕಲಕಿತು. ಅವನೂ ಅವನ ಪತ್ನಿಯೂ ಪರದೇಶದ ವಿದ್ಯಾರ್ಥಿಗಳನ್ನು ಭಾನುವಾರಗಳಂದು ತಮ್ಮ ಮನೆಗೆ ಕರೆಯತೊಡಗಿದರು. ಮನೆ ಸಾಲದಾದಾಗ ಸಂಘ ಹುಟ್ಟಿತು. ಕಡೆಗೆ ಅಮೆರಿಕದ ಧನಿಕ ಕಿರಿಯ ರಾಕ್‌ಫೆಲ್ಲರನ ಧನಸಹಾಯದಿಂದ 1924ರಲ್ಲಿ ಇಂಟರ್‌ನ್ಯಾಷನಲ್ ಹೌಸ್ ಎಂಬ ವಿಶಾಲವಾದ ನಿಲಯವೇ ಎದ್ದಿತು.

1930ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಅಂಥ ಇನ್ನೊಂದು ನಿಲಯವನ್ನು ಕಟ್ಟುವಾಗ, ವಿದೇಶೀಯರನ್ನೂ ಬಿಳಿಯರಲ್ಲದವರನ್ನೂ ಒಳಗೆ ಬಿಡದ ವಿದ್ಯಾರ್ಥಿನಿಲಯಗಳಿದ್ದ ಬೀದಿಯನ್ನೇ ಎಡ್ಮಂಡ್ಸನು ಉದ್ದೇಶಪೂರ್ವಕವಾಗಿ ಆರಿಸಿಕೊಂಡನು. ನಾನಾ ಜನಾಂಗಗಳ ಸ್ತ್ರೀಪುರುಷರು ಒಂದೇ ಸೂರಿನಡಿ ವಾಸಿಸುವುದನ್ನು ಊರಿನ ಎಷ್ಟೋ ಮಂದಿ ಪ್ರತಿಭಟಿಸಿದರೂ ಆ ಬಾಗಿಲು ತೆರೆಯಿತು. ಆತಿಥ್ಯಕ್ಕೆ ಧೈರ್ಯವೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನರಿಯೆ.

ಈ ನಡುವೆ 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯವು ಎಂಟು ಮಂದಿ ವಿದ್ಯಾರ್ಥಿಗಳನ್ನು ಒಂದು ವರ್ಷದ ವ್ಯಾಸಂಗಕ್ಕಾಗಿ ಫ್ರಾನ್ಸಿಗೆ ಕಳುಹಿಸಿ, ಫ್ರೆಂಚ್ ಕುಟುಂಬಗಳಲ್ಲಿಯೇ ಅವರಿಗೆ ವಸತಿಯನ್ನು ಕಲ್ಪಿಸಿತು. ಊಟದ ಮೇಜಿನ ಸಂಭಾಷಣೆಯೂ ಪಾಠವಾದುದು ಹೀಗೆ. 1987ರಲ್ಲಿ ಯೂರೋಪಿನ 11 ದೇಶಗಳು ಎರಾಸ್ಮಸ್ ಯೋಜನೆಯನ್ನು ಆರಂಭಿಸಿ ಮೊದಲ ವರ್ಷ 3,244 ವಿದ್ಯಾರ್ಥಿಗಳನ್ನು ಪರಸ್ಪರ ವಿನಿಮಯ ಮಾಡಿಕೊಂಡಾಗ, ಒಂದು ಕಾಲಕ್ಕೆ ಶ್ರೀಮಂತಪುತ್ರರಿಗೆ ಮೀಸಲಾಗಿದ್ದ ಭಾಗ್ಯವು ಸಾಮಾನ್ಯರ ಮಕ್ಕಳಿಗೂ ದೊರೆಯತೊಡಗಿತು.

ಕನ್ನಡಕ್ಕೂ ಈ ದೇಶಾಂತರವಾಸದ ಫಲ ಸಂದಿದೆ. ಆಕ್ಸ್‌ಫರ್ಡಿಗೆ ವ್ಯಾಸಂಗಕ್ಕೆಂದು ಹೋದ ವಿನಾಯಕ ಕೃಷ್ಣ ಗೋಕಾಕರ ಕಡಲಯಾನವು ನಮಗೆ ‘ಸಮುದ್ರ ಗೀತೆಗಳು’ ಸಂಕಲನವನ್ನು ತಂದಿತ್ತಿತು.

ಈಗ ಮೈಸೂರಿಗೂ ಮಣಿಪಾಲಕ್ಕೂ ಪರದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಅವರನ್ನು ಬಸ್ಸಿನಲ್ಲಿ ಕೂರಿಸಿ ಬೇಲೂರು ಹಳೆಬೀಡುಗಳನ್ನು ತೋರಿಸಿ ಕರೆತಂದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ನಮ್ಮ ಹಬ್ಬಕ್ಕೆ ಅವರನ್ನು ಕರೆಯುವಂತೆಯೇ, ಅವರ ಹಬ್ಬಕ್ಕೆ ನಾವೂ ಹೋಗಬೇಕು; ಅವರ ಅಡುಗೆಯನ್ನು ಉಣ್ಣಬೇಕು, ಅವರ ಹಾಡನ್ನು ಕೇಳಬೇಕು. ಅತಿಥಿಯಾಗಿ ಬಂದವನಿಗೆ ತಾನೂ ಆತಿಥೇಯನಾಗುವ ಅವಕಾಶ ದೊರೆತಾಗಲೇ ವಿದ್ಯಾವಿನಿಮಯವು ಪೂರ್ಣವಾಗುವುದೆಂಬುದು ನನ್ನ ದೃಢವಾದ ನಂಬಿಕೆ.