ಆಟ ಮುಗಿದ ಮೇಲೂ ಉಳಿಯುವ ಲೆಕ್ಕ



2011ರ ಏಪ್ರಿಲ್ 20ರಂದು ಹಲವು ದೇಶಗಳ ಆಟಗಾರರು ಎಂದಿನಂತೆ ಪ್ಲೇಸ್ಟೇಷನ್ ಯಂತ್ರದ ಗುಂಡಿ ಒತ್ತಿದರು. ಯಂತ್ರವೇನೋ ಚಾಲೂ ಆಯಿತು. ಆದರೆ ದೂರದ ಗೆಳೆಯರೊಡನೆ ಆಡುವ ಜಾಲ ಮಾತ್ರ ತೆರೆದುಕೊಳ್ಳಲಿಲ್ಲ. ಏನೋ ದುರಸ್ತಿ ಇರಬೇಕೆಂದು ಬಹಳ ಮಂದಿ ಸುಮ್ಮನಾದರು. ಆರು ದಿನ ಕಳೆದ ಮೇಲೆ ಸೋನಿ ಕಂಪನಿ ನಡೆದದ್ದನ್ನು ಹೇಳಿತು. ಏಪ್ರಿಲ್ 17ರಿಂದ 19ರ ನಡುವೆ ಯಾರೋ ಜಾಲದೊಳಕ್ಕೆ ನುಗ್ಗಿದ್ದರು. ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತ್ತು. ಹೆಸರು, ವಿಳಾಸ, ಇ-ಮೇಲ್, ಹುಟ್ಟಿದ ದಿನಾಂಕ, ಗುಪ್ತಪದ ಎಲ್ಲವೂ ಅದರಲ್ಲಿದ್ದವು. ಕ್ರೆಡಿಟ್ ಕಾರ್ಡಿನ ಸಂಖ್ಯೆಗಳೂ ಹೋಗಿರುವ ಸಾಧ್ಯತೆಯನ್ನು ಕಂಪನಿ ತಳ್ಳಿಹಾಕಲಿಲ್ಲ.

ಅದೇ ವರ್ಷದ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಇಡೀ ಒಂದು ರಾಜ್ಯದ ಜನರಿಗಿಂತ ಹೆಚ್ಚು ಖಾತೆಗಳ ವಿವರ ಒಂದು ಆಟದ ಕಂಪನಿಯ ಉಗ್ರಾಣದಲ್ಲಿತ್ತು ಎಂದರೆ ಅದರ ಗಾತ್ರ ತಿಳಿದೀತು. ಮೇ 1ರಂದು ಟೋಕಿಯೊದಲ್ಲಿ ಸೋನಿಯ ಹಿರಿಯ ಅಧಿಕಾರಿ ಕಾಜುವೊ ಹಿರಾಯ್ ತಮ್ಮ ಸಹೋದ್ಯೋಗಿಗಳೊಡನೆ ತಲೆಬಾಗಿ ಕ್ಷಮೆ ಕೇಳಿದರು. 2013ರ ಜನವರಿಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 2.5 ಲಕ್ಷ ಪೌಂಡ್ ದಂಡ ವಿಧಿಸಿತು. ತಂತ್ರಾಂಶವನ್ನು ಕಾಲಕಾಲಕ್ಕೆ ಸರಿಪಡಿಸಿಕೊಂಡಿದ್ದರೆ ಈ ದಾಳಿಯನ್ನು ತಡೆಯಬಹುದಿತ್ತು ಎಂಬುದು ಆ ಕಚೇರಿಯ ಅಭಿಪ್ರಾಯವಾಗಿತ್ತು.

ಕಳ್ಳತನದ ಕಥೆ ಅಲ್ಲಿಗೆ ಮುಗಿಯಿತು. ಆದರೆ ಆ ದಿನಗಳಲ್ಲಿ ಹೆಚ್ಚು ಮಂದಿ ಕೇಳದ ಇನ್ನೊಂದು ಪ್ರಶ್ನೆಯಿದೆ. ಕಳವಾದದ್ದು ಒಂದು ಸಲ. ಸಂಗ್ರಹವಾದರೋ ದಿನದಿನವೂ ನಡೆಯುತ್ತದೆ. ಆಟವಾಡಲು ಬಂದವರ ಇಷ್ಟೆಲ್ಲ ವಿವರ ಕೂಡಿಡುವ ಅಗತ್ಯವಾದರೂ ಏನು?

ಉಗ್ರಾಣ ತುಂಬುವ ಬಗೆ

ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಚೌಕಾಬಾರ ಆಡಿದವರಿಗೆ ಒಂದು ಸಂಗತಿ ಗೊತ್ತು. ಆಟ ಮುಗಿದರೆ ಕವಡೆ ಡಬ್ಬಿಗೆ ಹೋಗುತ್ತದೆ, ಗೆರೆ ಅಳಿಸಿಹೋಗುತ್ತದೆ. ಯಾರು ಎಷ್ಟು ಸಲ ಸೋತರು, ಯಾರು ಸಿಟ್ಟಿನಿಂದ ಎದ್ದುಹೋದರು ಎಂಬುದು ಆಡಿದವರ ನೆನಪಿನಲ್ಲಿ ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ.

ಅಂತರ್ಜಾಲದ ಆಟದಲ್ಲಿ ಗೆರೆ ಅಳಿಯುವುದಿಲ್ಲ. ಆಟಗಾರ ಎಷ್ಟು ಗಂಟೆಗೆ ಬಂದ, ಯಾವ ಹಂತದಲ್ಲಿ ಎಷ್ಟು ಸಲ ಸೋತ, ಸೋತ ಮೇಲೆ ಮತ್ತೆ ಆಡಿದನೋ ಬಿಟ್ಟುಹೋದನೋ, ಯಾರೊಡನೆ ಆಡಿದ, ಎಷ್ಟು ಹಣ ತೆತ್ತ ಎಂಬುದೆಲ್ಲ ದಾಖಲಾಗಬಲ್ಲದು. ಮೊಬೈಲ್ ಫೋನಿನ ಆಟವಾದರೆ ಫೋನಿನ ಗುರುತು ಸಂಖ್ಯೆ, ಕೆಲವು ವೇಳೆ ಅದು ಇರುವ ಜಾಗವೂ ಸೇರುತ್ತದೆ. ಮಾತನಾಡುವ ಸೌಲಭ್ಯವಿದ್ದರೆ ದನಿಯೂ ಜಾಲವನ್ನು ಸೇರುತ್ತದೆ.

ಬ್ಯಾಂಕಿನ ಅರ್ಜಿ ತುಂಬುವಾಗ ಮನುಷ್ಯ ಎಚ್ಚರದಿಂದ ಇರುತ್ತಾನೆ. ಆಟದಲ್ಲಿ ಮೈಮರೆಯುತ್ತಾನೆ. ಮೈಮರೆಯುವುದಕ್ಕೇ ಆಟ ಇರುವುದು. ಆದ್ದರಿಂದ ಆಟದ ದಾಖಲೆ ಉಳಿದ ದಾಖಲೆಗಳಿಗಿಂತ ಹೆಚ್ಚು ನಿಜವನ್ನು ಹೇಳುತ್ತದೆ. ಅವನ ತಾಳ್ಮೆ, ಆಸೆ, ನಿದ್ದೆಗೆಡುವ ಹೊತ್ತು, ಯಾವ ಗಳಿಗೆಯಲ್ಲಿ ಹಣ ಬಿಚ್ಚುತ್ತಾನೆ ಎಂಬುದೆಲ್ಲ ಅದರಲ್ಲಿ ತೆರೆದುಕೊಳ್ಳುತ್ತದೆ.

ಕಂಪನಿಗಳಿಗೂ ಹೇಳಲು ಕಾರಣಗಳಿವೆ, ಅವು ಪೊಳ್ಳಲ್ಲ. ಎಲ್ಲರೂ ಒಂದೇ ಜಾಗದಲ್ಲಿ ಸೋಲುತ್ತಿದ್ದರೆ ಆಟದಲ್ಲೇ ಐಬಿದೆ ಎಂದು ತಿಳಿಯುವುದು ಇಂಥ ಲೆಕ್ಕದಿಂದಲೇ. ಮೋಸದಾಟ ತಡೆಯಲೂ ನಿಗಾ ಬೇಕು. 2020ರಲ್ಲಿ ರಯಟ್ ಗೇಮ್ಸ್ ಕಂಪನಿ ತನ್ನ ವ್ಯಾಲೊರಂಟ್ ಆಟದೊಂದಿಗೆ ತಂದ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ, ಆಟ ತೆರೆಯುವ ಮೊದಲೇ, ಕಂಪ್ಯೂಟರ್ ಎಚ್ಚರಗೊಳ್ಳುವಾಗಲೇ ಅದರ ಒಳತಿರುಳಿನಲ್ಲಿ ಕೆಲಸ ಆರಂಭಿಸುತ್ತದೆ. ಕಳ್ಳನನ್ನು ಹಿಡಿಯಲು ಕಾವಲುಗಾರನಿಗೆ ಮನೆಯ ಎಲ್ಲ ಕೀಲಿಕೈ ಕೊಡಬೇಕೇ ಎಂಬ ಚರ್ಚೆ ಆಗ ಆಟಗಾರರಲ್ಲೇ ಎದ್ದಿತು.

ಪುಕ್ಕಟೆ ಆಟಗಳದು ಬೇರೆಯೇ ಲೆಕ್ಕ. ಅವು ಬದುಕುವುದು ಜಾಹೀರಾತಿನಿಂದ, ಇಲ್ಲವೇ ಆಟದೊಳಗಿನ ಅಂಗಡಿಯಿಂದ. ಫಿನ್ಲೆಂಡಿನ ರೋವಿಯೊ ಕಂಪನಿಯ ಆ್ಯಂಗ್ರಿ ಬರ್ಡ್ಸ್ ಆಟದ ಹೆಸರು 2014ರ ಜನವರಿಯಲ್ಲಿ ಅನಿರೀಕ್ಷಿತವಾಗಿ ಬೇಹುಗಾರಿಕೆಯ ಸುದ್ದಿಯಲ್ಲಿ ಕಾಣಿಸಿಕೊಂಡಿತು. ಇಂಥ ಆ್ಯಪ್‌ಗಳಿಂದ ಸೋರುವ ಮಾಹಿತಿಯನ್ನು ಸಂಗ್ರಹಿಸಲು ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಯತ್ನಿಸಿದ್ದವು ಎಂದು ಎಡ್ವರ್ಡ್ ಸ್ನೋಡೆನ್ ಬಯಲಿಗೆ ತಂದ ಕಡತಗಳು ಹೇಳಿದವು. ತಾನು ಯಾವ ಗುಪ್ತಚರ ಸಂಸ್ಥೆಗೂ ಮಾಹಿತಿ ಕೊಟ್ಟಿಲ್ಲ ಎಂದು ರೋವಿಯೊ ಸ್ಪಷ್ಟಪಡಿಸಿತು. ಸೋರುವ ದಾರಿಯಾಗಿ ಜನರ ಕಣ್ಣಿಗೆ ಬಿದ್ದದ್ದು ಆ್ಯಪ್‌ಗಳೊಳಗೆ ಅಡಗಿದ್ದ ಜಾಹೀರಾತು ಜಾಲಗಳು. ಆಟಗಾರ ಒಬ್ಬನೇ ಕೂತು ಹಕ್ಕಿ ಹಾರಿಸುತ್ತಿದ್ದೇನೆ ಎಂದುಕೊಂಡಿದ್ದ; ಅವನ ಹಿಂದೆ ಹಲವರು ಇಣುಕಬಹುದಿತ್ತು.

ಮಕ್ಕಳ ಸರದಿ

ವಯಸ್ಕರು ಕೆಡುಕನ್ನು ಅರಿತೇ ಒಪ್ಪಿಕೊಂಡರು ಎನ್ನಬಹುದು. ಮಕ್ಕಳ ವಿಷಯದಲ್ಲಿ ಆ ಮಾತು ನಡೆಯದು. ಅಮೆರಿಕದಲ್ಲಿ 1998ರಲ್ಲೇ ಇದಕ್ಕೊಂದು ಕಾನೂನು ಬಂದು 2000ದಲ್ಲಿ ಜಾರಿಯಾಯಿತು. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಪಡೆಯಬಾರದು ಎಂಬುದು ಅದರ ಸಾರ.

ಎಪಿಕ್ ಗೇಮ್ಸ್ ಕಂಪನಿಯ ಫೋರ್ಟ್‌ನೈಟ್ 2017ರಲ್ಲಿ ಪುಕ್ಕಟೆ ಆಟವಾಗಿ ಹಬ್ಬಿ ಮಕ್ಕಳ ಮನ ಗೆದ್ದಿತು. 2022ರ ಡಿಸೆಂಬರ್ 19ರಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಎಪಿಕ್ ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿದೆ ಎಂದು ಪ್ರಕಟಿಸಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ ದಂಡ, 24.5 ಕೋಟಿ ಗ್ರಾಹಕರಿಗೆ ಮರಳಿಸಬೇಕಾದ ಹಣ.

ಆರೋಪಗಳ ವಿವರ ಮೊತ್ತಕ್ಕಿಂತ ಮುಖ್ಯ. ಕಂಪನಿ ಪೋಷಕರ ಒಪ್ಪಿಗೆ ಪಡೆಯದೆ ಮಕ್ಕಳ ಮಾಹಿತಿ ಸಂಗ್ರಹಿಸಿತ್ತು. ಅಳಿಸಿಹಾಕಿ ಎಂದು ಕೇಳಿದ ಪೋಷಕರನ್ನು ಅಲೆದಾಡಿಸಿತ್ತು. ಕೆಲವು ಬಾರಿ ಅಳಿಸಿಯೇ ಇರಲಿಲ್ಲ. ಆಟ ಶುರುವಾದರೆ ಮಾತಿನ ಸೌಲಭ್ಯ ತಾನಾಗಿಯೇ ತೆರೆದಿರುತ್ತಿತ್ತು. ಹಾಗಾಗಿ ಮಕ್ಕಳೂ ಹದಿಹರೆಯದವರೂ ಅಪರಿಚಿತರೊಡನೆ ನೇರ ಮಾತಿಗೆ ಸಿಕ್ಕುತ್ತಿದ್ದರು. ಬೆದರಿಕೆ, ಕಿರುಕುಳ ಅನುಭವಿಸಿದವರೂ ಇದ್ದರು. ಈ ಸೌಲಭ್ಯವನ್ನು ಮೊದಲು ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳುವಂತೆ ಮಾಡಿ ಎಂದು ಕಂಪನಿಯ ನೌಕರರೇ 2017ರಿಂದ ಒತ್ತಾಯಿಸಿದ್ದರು. ಕೊನೆಗೆ ಮುಚ್ಚುವ ಗುಂಡಿಯೊಂದು ಬಂತು, ಆದರೆ ಅದು ಸುಲಭವಾಗಿ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ.

ಎರಡನೆಯ ಮೊತ್ತ ಕಣ್ಕಟ್ಟಿನ ವಿನ್ಯಾಸಕ್ಕೆ ಸಂಬಂಧಿಸಿದ್ದು. ಯಂತ್ರವನ್ನು ಎಚ್ಚರಿಸಲು ಒತ್ತಿದ ಗುಂಡಿಯೇ ಖರೀದಿಯಾಗಿಬಿಡುತ್ತಿತ್ತು. ಹಣ ಕಡಿತವನ್ನು ಪ್ರಶ್ನಿಸಿದವರ ಖಾತೆಗೆ ಬೀಗ ಬೀಳುತ್ತಿತ್ತು. ಮಗುವಿನ ಮಾಹಿತಿ ಪಡೆಯುವುದೂ ಮಗುವಿನ ಬೆರಳಿನಿಂದ ಹಣ ಪಡೆಯುವುದೂ ಎರಡು ಬೇರೆ ವ್ಯವಹಾರಗಳಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು. ಒಪ್ಪಂದದಂತೆ ಮಕ್ಕಳಿಗೂ ಹದಿಹರೆಯದವರಿಗೂ ಮಾತಿನ ಸೌಲಭ್ಯ ಮೊದಲಿಗೆ ಮುಚ್ಚಿರಬೇಕು. ಒಪ್ಪಿಗೆಯಿಲ್ಲದೆ ಪಡೆದ ಮಾಹಿತಿಯನ್ನು ಅಳಿಸಬೇಕು.

2023ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಕುರಿತ ಇಂಥದೇ ಮೊಕದ್ದಮೆಯಲ್ಲಿ 2 ಕೋಟಿ ಡಾಲರ್ ತೆರಲು ಒಪ್ಪಿತು. ಖಾತೆ ತೆರೆಯಲು ಹೊರಟ ಮಗು ಹೆಸರು, ಹುಟ್ಟಿದ ದಿನ ಕೊಟ್ಟಿತು. ಪೋಷಕರು ಒಪ್ಪಿಗೆ ಪೂರ್ತಿ ಮಾಡಲಿಲ್ಲ. ಖಾತೆ ತೆರೆಯಲಿಲ್ಲ, ಆದರೆ ಕೊಟ್ಟ ವಿವರ ಉಳಿಯಿತು. 2015ರಿಂದ 2020ರವರೆಗೆ ಹೀಗೆ ಉಳಿದ ವಿವರಗಳಲ್ಲಿ ಕೆಲವು ವರ್ಷಗಟ್ಟಲೆ ಹಾಗೆಯೇ ಇದ್ದವು. ಇದು ತಾಂತ್ರಿಕ ದೋಷ ಎಂದು ಕಂಪನಿ ಹೇಳಿತು. ಆಡದೇ ಹೋದ ಆಟದ ಲೆಕ್ಕವೂ ಉಗ್ರಾಣ ಸೇರಿತ್ತು.

ಕಾಯಲು ಹೋಗಿ ಕೂಡಿಟ್ಟದ್ದು

ಹಾಗಾದರೆ ಕಾನೂನು ಬಿಗಿ ಮಾಡಿದರೆ ಸಾಕೇ? ಇಲ್ಲೊಂದು ತೊಡಕಿದೆ. ಮಗುವನ್ನು ಕಾಯಬೇಕಾದರೆ ಆಡುತ್ತಿರುವುದು ಮಗು ಎಂದು ಮೊದಲು ತಿಳಿಯಬೇಕು. ತಿಳಿಯಬೇಕಾದರೆ ಎಲ್ಲರ ಗುರುತು ಕೇಳಬೇಕು.

ದಕ್ಷಿಣ ಕೊರಿಯಾ ಈ ದಾರಿಯಲ್ಲಿ ಬಹಳ ದೂರ ಹೋಗಿತ್ತು. ಅಲ್ಲಿನ ಆಟದ ತಾಣಗಳು ನಾಗರಿಕರ ನೋಂದಣಿ ಸಂಖ್ಯೆಯನ್ನೇ ಕೇಳುತ್ತಿದ್ದವು. 2006ರಲ್ಲಿ ಲೀನಿಯೇಜ್ ಎಂಬ ಆಟದಲ್ಲಿ, ಆ ಆಟವನ್ನು ಕಣ್ಣಿಂದಲೂ ನೋಡದ ಅನೇಕರ ಹೆಸರು ಮತ್ತು ಸಂಖ್ಯೆ ಕದ್ದು ಖಾತೆ ತೆರೆದದ್ದು ಬೆಳಕಿಗೆ ಬಂತು. 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆಡಬಾರದೆಂಬ ಕಾನೂನು 2011ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದೇ ತಿಂಗಳು ನೆಕ್ಸಾನ್ ಕಂಪನಿಯ ಮೇಪಲ್‌ಸ್ಟೋರಿ ಆಟದ 1.32 ಕೋಟಿ ಬಳಕೆದಾರರ ಮಾಹಿತಿ ಕಳವಾಯಿತು. ಮರುವರ್ಷ ಅಂತರ್ಜಾಲದಲ್ಲಿ ನೋಂದಣಿ ಸಂಖ್ಯೆ ಸಂಗ್ರಹಿಸುವುದಕ್ಕೇ ಸರ್ಕಾರ ಕಡಿವಾಣ ಹಾಕಿತು. ರಾತ್ರಿ ನಿಷೇಧದ ಕಾನೂನೂ 2022ರ ಆರಂಭಕ್ಕೆ ರದ್ದಾಯಿತು.

ಚೀನಾ 2021ರ ಆಗಸ್ಟ್‌ನಲ್ಲಿ 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆಟ ಎಂದು ನಿಯಮ ಮಾಡಿತು. ಅದಕ್ಕೆ ಒಂದು ತಿಂಗಳ ಹಿಂದೆಯೇ ಟೆನ್ಸೆಂಟ್ ಕಂಪನಿ, ರಾತ್ರಿ ಹೊತ್ತು ದೊಡ್ಡವರ ಖಾತೆಯಲ್ಲಿ ಮಕ್ಕಳು ಆಡುತ್ತಿದ್ದಾರೆಯೇ ಎಂದು ನೋಡಲು ಮುಖಚಹರೆಯ ಪರೀಕ್ಷೆಯನ್ನು ವಿಸ್ತರಿಸಿತ್ತು. ಮಕ್ಕಳ ನಿದ್ದೆ ಕಾಯಲು ಮುಖವನ್ನೇ ಒಪ್ಪಿಸಬೇಕಾದ ಪರಿಸ್ಥಿತಿ ಅದು.

ಭಾರತದ ದಾರಿ

ಭಾರತದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಕೇಳಿಬಂದದ್ದು ದೇಶದ ಭದ್ರತೆಯ ಹೆಸರಿನಲ್ಲಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಬಳಕೆದಾರರ ಮಾಹಿತಿ ಗುಟ್ಟಾಗಿ ಹೊರದೇಶದ ಕಂಪ್ಯೂಟರ್‌ಗಳಿಗೆ ಹೋಗುತ್ತಿದೆ ಎಂಬ ದೂರುಗಳಿವೆ ಎಂದು ಅದು ತಿಳಿಸಿತ್ತು. ಮಾಹಿತಿ ಯಾವ ದೇಶದಲ್ಲಿದೆ ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ಅದು ಏಕೆ ಬೇಕು, ಎಷ್ಟು ದಿನ ಬೇಕು ಎಂಬ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ.

ಆ ಪ್ರಶ್ನೆಗೆ ಆಧಾರ ಒದಗಿಸಿದ ತೀರ್ಪಿನ ಹಿಂದೆ ಕನ್ನಡ ನಾಡಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಬಾಲ್ಯದಲ್ಲಿ ತಿಳಿಯದೆ ಮಾಡಿದ ತಪ್ಪುಗಳ ಹೆಜ್ಜೆಗುರುತನ್ನು ಮಕ್ಕಳು ಜೀವನವಿಡೀ ಹೊರುವಂತಾಗಬಾರದು ಎಂಬ ಮಾತನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳದೆ ಅವರ ಮಾಹಿತಿ ಬಳಸುವಂತಿಲ್ಲ; ಅವರ ನಡವಳಿಕೆಯ ಬೆನ್ನು ಹತ್ತುವಂತಿಲ್ಲ; ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಇದನ್ನು ಮುರಿದರೆ 200 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಅವಕಾಶ ಕೊಡಲಾಯಿತು.

ಕೊರಿಯಾದ ಪಾಠ ನೆನಪಿಡಬೇಕಾದದ್ದು ಇಲ್ಲಿಯೇ. ಪೋಷಕರ ಗುರುತುಪತ್ರಗಳ ಪ್ರತಿಯನ್ನೆಲ್ಲ ಆಟದ ಕಂಪನಿಗಳು ತಂದು ರಾಶಿ ಹಾಕಿಕೊಂಡರೆ ಉಗ್ರಾಣ ಇನ್ನಷ್ಟು ದೊಡ್ಡದಾಗುತ್ತದೆ, ಅಷ್ಟೇ. ಡಿಜಿಲಾಕರ್‌ನಂಥ ವ್ಯವಸ್ಥೆ ಕೊಡುವ ಟೋಕನ್ ಮೂಲಕ ವಯಸ್ಸನ್ನು ದೃಢಪಡಿಸುವ ದಾರಿಯನ್ನೂ ನಿಯಮಗಳು ತೋರಿಸಿವೆ. ಒಪ್ಪಿಗೆ ಕೊಡುತ್ತಿರುವವರು ವಯಸ್ಕರೇ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸಿಕ್ಕರೆ ಕಂಪನಿಗೆ ಸಾಕು, ಪತ್ರ ಬೇಕಿಲ್ಲ.

ಕಾನೂನಿಗಾಗಿ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಇಲ್ಲಿ ಸೇರಿರುವ ಪೋಷಕರು ಇಂದು ಮನೆಗೆ ಹೋದ ಮೇಲೆ ಮಗುವಿನ ಪಕ್ಕ ಕುಳಿತು ಆಟವನ್ನು ಒಮ್ಮೆ ತೆರೆದು ನೋಡಬಹುದು. ಮೈಕ್ ಮತ್ತು ಸ್ಥಳದ ಅನುಮತಿ ಆಟಕ್ಕೆ ನಿಜಕ್ಕೂ ಬೇಕೇ? ಆಟದ ಹೆಸರಿನಲ್ಲಿ ಮಗುವಿನ ನಿಜ ಹೆಸರು, ಶಾಲೆ, ಹುಟ್ಟಿದ ವರ್ಷ ಇಣುಕುತ್ತಿದೆಯೇ? ಹಣ ಕೊಡುವ ಕಾರ್ಡು ಖಾತೆಗೆ ಅಂಟಿಕೊಂಡೇ ಇದೆಯೇ? ಮಗು ಆಡುವುದನ್ನು ಬಿಟ್ಟ ಹಳೆಯ ಆಟಗಳ ಖಾತೆಗಳು ಇನ್ನೂ ಬದುಕಿವೆಯೇ? ಫೋನಿನಿಂದ ಆ್ಯಪ್ ತೆಗೆದರೆ ಖಾತೆ ಅಳಿಯುವುದಿಲ್ಲ; ಅಳಿಸಿ ಎಂದು ಪ್ರತ್ಯೇಕವಾಗಿ ಕೇಳಬೇಕು.

ಆಟ ಆಡಬೇಡ ಎನ್ನುವುದು ಈ ಮಾತಿನ ಉದ್ದೇಶವಲ್ಲ. ಸೋಲುವುದು, ಸಿಟ್ಟಾಗುವುದು, ಮತ್ತೆ ಆಡಲು ಬರುವುದು ಮಕ್ಕಳು ಬೆಳೆಯುವ ರೀತಿ. ಜಗಲಿಯ ಮೇಲೆ ಆಡಿ ಬೆಳೆದವರಿಗೆ ಆ ಸೋಲುಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಈಗಿನ ಮಕ್ಕಳಿಗೂ ಅಷ್ಟು ಸಿಗಬೇಕು.