ನಮ್ಮ ಮನೆಯ ದೀಪ ಮತ್ತು ಉತ್ತರ ಧ್ರುವದ ಹಿಮಕರಡಿ



ಈ ಹೊತ್ತಿನ ಮಾತಿನ ಹೆಸರು ಕೇಳಿ ತಮ್ಮಲ್ಲಿ ಕೆಲವರು ನಗಬಹುದು. ರಾಗಿ, ಜೋಳ, ಗೊಬ್ಬರ, ಬಿತ್ತನೆ ಅಂತ ಮಾತನಾಡುವ ಕಡೆ ಹಿಮಕರಡಿ ಎಲ್ಲಿಂದ ಬಂತು ಸ್ವಾಮಿ, ಅನ್ನಬಹುದು. ಅದು ಇರುವುದು ಭೂಮಿಯ ಉತ್ತರದ ತುದಿಯಲ್ಲಿ, ನಾವಿರುವುದು ಇಲ್ಲಿ. ಆದರೆ ನಮ್ಮ ಬಚ್ಚಲಿನಲ್ಲಿ ಸುಮ್ಮನೆ ಉರಿಯುವ ಬಲ್ಬಿಗೂ, ಆಳಿಲ್ಲದೆ ಓಡುವ ಪಂಪ್‌ಸೆಟ್ಟಿಗೂ, ಆ ಕರಡಿ ನಿಲ್ಲುವ ನೆಲೆಗೂ ಸಂಬಂಧವುಂಟು. ಆ ಸಂಬಂಧಕ್ಕೆ ಲೆಕ್ಕವೂ ಉಂಟು. ಅದನ್ನು ಇವತ್ತು ನೋಡೋಣ.

ಮೊದಲು ಆ ಸೀಮೆ ಎಂಥದ್ದು ಎಂಬುದನ್ನು ತಿಳಿಯೋಣ. ಉತ್ತರ ಧ್ರುವದ ಸುತ್ತ ನೆಲವಿಲ್ಲ, ಕಡಲಿದೆ. ಆ ಕಡಲಿನ ಮೇಲೆ ನೀರು ಹೆಪ್ಪುಗಟ್ಟಿ ಹಿಮದ ಹಾಸು ಆಗಿದೆ. ಚಳಿಗಾಲದಲ್ಲಿ ಹಾಸು ಹರಡುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಕೆರೆ ತುಂಬುವುದು, ಇಳಿಯುವುದು ಇದ್ದ ಹಾಗೆ. ಹಿಮಕರಡಿಗೆ ಈ ಹಾಸೇ ಹೊಲ. ಅದರ ಮುಖ್ಯ ಆಹಾರ ಸೀಲ್ ಎಂಬ ಕಡಲಪ್ರಾಣಿ. ಸೀಲು ಉಸಿರಾಡಲು ಹಿಮದಲ್ಲಿ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಕರಡಿ ಆ ತೂತಿನ ಬಳಿ ಗಂಟೆಗಟ್ಟಲೆ ಕಾದು ಹಿಡಿಯುತ್ತದೆ. ಹಿಮವಿಲ್ಲದ ತೆರೆದ ನೀರಿನಲ್ಲಿ ಈಜುವ ಸೀಲನ್ನು ಹಿಡಿಯುವುದು ಅದಕ್ಕೆ ಬಲು ಕಷ್ಟ.

ವಸಂತಕಾಲ ಕರಡಿಗೆ ಸುಗ್ಗಿ. ಆಗ ಸೀಲಿನ ಮರಿಗಳು ಹುಟ್ಟುತ್ತವೆ, ಕರಡಿ ಹೊಟ್ಟೆ ತುಂಬ ತಿಂದು ಕೊಬ್ಬು ಕೂಡಿಡುತ್ತದೆ. ನಾವು ಕಣಜ ತುಂಬಿಕೊಂಡ ಹಾಗೆಯೇ. ಹಿಮ ಕರಗಿದ ಮೇಲೆ ದಡಕ್ಕೆ ಬಂದು, ಮತ್ತೆ ಕಡಲು ಹೆಪ್ಪುಗಟ್ಟುವ ತನಕ ಆ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತದೆ. ಕೆನಡಾ ದೇಶದ ಹಡ್ಸನ್ ಕೊಲ್ಲಿಯಲ್ಲಿ ಬಸುರಿ ಕರಡಿ ಸುಮಾರು ಎಂಟು ತಿಂಗಳು ಉಪವಾಸ ಇರುವುದುಂಟು. ಅಷ್ಟರೊಳಗೇ ಮರಿ ಹಾಕಿ ಹಾಲೂಡಿಸಬೇಕು.

ಈಗ ಸುಗ್ಗಿ ಮೊಟಕಾಗಿ ಬರಗಾಲ ಉದ್ದವಾದರೆ ಏನಾಗುತ್ತದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಹಡ್ಸನ್ ಕೊಲ್ಲಿಯ ಪಶ್ಚಿಮ ದಡದಲ್ಲಿ 1980ರ ದಶಕಕ್ಕಿಂತ ಈಗ ಹಿಮ ವಾರಗಟ್ಟಲೆ ಮೊದಲೇ ಒಡೆಯುತ್ತದೆ. ಅಲ್ಲಿ 1987ರ ಸುಮಾರಿಗೆ ಹೆಚ್ಚು ಕಡಿಮೆ 1,200 ಕರಡಿಗಳಿದ್ದವು. 2021ರ ಗಣತಿಯಲ್ಲಿ ಸಿಕ್ಕ ಅಂದಾಜು 618. ಇವುಗಳಲ್ಲಿ ಕೆಲವು ಪಕ್ಕದ ಸೀಮೆಗೆ ಹೋಗಿರಲೂಬಹುದು. ಆದರೂ ಇಳಿಕೆ ಇಳಿಕೆಯೇ. ಎಲ್ಲ ಕಡೆಯೂ ಇದೇ ಸ್ಥಿತಿ ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಕರಡಿಗಳು ಇನ್ನೂ ನೆಮ್ಮದಿಯಾಗಿಯೇ ಇವೆ. ಲೋಕದಲ್ಲೆಲ್ಲ ಸೇರಿ ಅವು ಸುಮಾರು 26,000 ಇರಬಹುದೆಂದು ತಿಳಿದವರ ಅಂದಾಜು. ಹಿಮ ಇದ್ದಲ್ಲಿ ಕರಡಿ ಉಂಟು, ಹಿಮ ಹೋದಲ್ಲಿ ಇಲ್ಲ, ಇಷ್ಟೇ ವಿಚಾರ.

ಕರಡಿಯೊಂದೇ ಅಲ್ಲ. ಉದ್ದ ಕೋರೆಹಲ್ಲಿನ ವಾಲ್ರಸ್ ಎಂಬ ಭಾರಿ ಪ್ರಾಣಿ ಹಿಮದ ತುಂಡಿನ ಮೇಲೆ ಮಲಗಿ ದಣಿವಾರಿಸಿಕೊಳ್ಳುತ್ತದೆ. 2014ರಲ್ಲಿ ಅಲಾಸ್ಕದ ಪಾಯಿಂಟ್ ಲೇ ಎಂಬಲ್ಲಿ ಹಿಮ ಸಿಗದೆ ಸುಮಾರು 35,000 ವಾಲ್ರಸ್‌ಗಳು ಒಂದೇ ದಡಕ್ಕೆ ಬಂದು ಒತ್ತರಿಸಿಕೊಂಡು ಬಿದ್ದವು. ಅಂಥ ಗುಂಪು ಬೆದರಿದರೆ ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತವೆ.

ದನ ಸಾಕುವವರಿಗೆ ಮುಟ್ಟುವ ಇನ್ನೊಂದು ಸಂಗತಿ ಕೇಳಿ. ರಷ್ಯದ ಯಮಾಲ್ ಸೀಮೆಯಲ್ಲಿ ನೆನೆಟ್ಸ್ ಜನ ಹಿಮಸಾರಂಗಗಳ ಮಂದೆ ಮೇಯಿಸಿ ಬದುಕುತ್ತಾರೆ. 2013ರ ನವೆಂಬರಿನಲ್ಲಿ ಅಲ್ಲಿ ಹಿಮ ಬೀಳಬೇಕಾದ ಕಾಲದಲ್ಲಿ ಮಳೆ ಬಿತ್ತು. ಬಿದ್ದ ಮಳೆ ಗಟ್ಟಿಯಾಗಿ ಮೇವಿನ ಮೇಲೆ ಗಾಜಿನ ಮುಚ್ಚಳ ಮುಚ್ಚಿದಂತಾಯಿತು. ಗೊರಸಿನಿಂದ ಕೆರೆದು ಕೆರೆದು ಸೋತು, ಆ ಚಳಿಗಾಲದಲ್ಲಿ ಸುಮಾರು 61,000 ಸಾರಂಗಗಳು ಹಸಿವಿನಿಂದ ಸತ್ತವು. ಮೇವು ಕಾಲಡಿಯಲ್ಲೇ ಇತ್ತು, ಬಾಯಿಗೆ ಮಾತ್ರ ಸಿಗಲಿಲ್ಲ.

ಇದೆಲ್ಲ ದೂರದ ಮಾತು ಅಂತೀರಾ? ಹಾಗಾದರೆ ಚಳಿಗಾಲದಲ್ಲಿ ನಿಮ್ಮ ಕೆರೆಯ ಅಂಗಳಕ್ಕೆ ಹೋಗಿ ನೋಡಿ. ನೀರಿಳಿದ ಕೆಸರಿನ ಅಂಚಿನಲ್ಲಿ ಗುಬ್ಬಿಯಷ್ಟೇ ತೂಕದ ಬೂದುಬಣ್ಣದ ಹಕ್ಕಿಗಳು ಗುಂಪುಗುಂಪಾಗಿ ಸರಸರನೆ ಓಡಾಡುತ್ತ ಕೆಸರನ್ನು ಕುಕ್ಕುತ್ತಿರುತ್ತವೆ. ಅವುಗಳಲ್ಲಿ ಲಿಟಲ್ ಸ್ಟಿಂಟ್ ಎಂಬುದೊಂದು ಜಾತಿ. ಅದು ಹುಟ್ಟುವುದು ಸೈಬೀರಿಯದ ಉತ್ತರದ ಅಂಚಿನಲ್ಲಿ, ಹಿಮಸಾರಂಗ ಮೇಯುವ ಬಯಲಿನಲ್ಲಿ. ಚಳಿಗಾಲ ಕಳೆಯಲು ಸಾವಿರಾರು ಮೈಲಿ ಹಾರಿ ನಮ್ಮ ಕೆರೆಗೆ ಬರುತ್ತದೆ, ಬೇಸಗೆಗೆ ತವರಿಗೆ ಹಿಂದಿರುಗುತ್ತದೆ. ತವರು ಕೆಟ್ಟರೆ ನಮ್ಮ ಕೆರೆಗೆ ಈ ನೆಂಟರು ಬರುವುದಾದರೂ ಹೇಗೆ?

ಸರಿ, ಹಿಮ ಏಕೆ ಕರಗುತ್ತಿದೆ? ಕಲ್ಲಿದ್ದಲು, ಡೀಸೆಲ್ಲು, ಪೆಟ್ರೋಲು ಉರಿದಾಗ ಇಂಗಾಲಾಮ್ಲ ಎಂಬ ಅನಿಲ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ಎಂದರೂ ಅದೇ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ನಾರುವುದಿಲ್ಲ. ಆದರೆ ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖ ಹೊರಹೋಗದ ಹಾಗೆ ತಡೆಯುತ್ತದೆ. ಗಾಳಿಗೆ ಗಡಿಯಿಲ್ಲ, ರಾಯಚೂರಿನಲ್ಲಿ ಹುಟ್ಟಿದ ಅನಿಲ ರಾಯಚೂರಿನಲ್ಲೇ ನಿಲ್ಲುವುದಿಲ್ಲ, ಲೋಕವೆಲ್ಲ ಹರಡುತ್ತದೆ.

ಆ ಕಂಬಳಿಯ ಬಿಸಿ ಉತ್ತರ ತುದಿಗೇ ಹೆಚ್ಚು ತಟ್ಟುತ್ತದೆ. ಸುಣ್ಣ ಬಳಿದ ಗೋಡೆ ಬಿಸಿಲಿಗೆ ಅಷ್ಟಾಗಿ ಕಾಯುವುದಿಲ್ಲ, ಕರಿ ಬಂಡೆಯಾದರೆ ಕಾಲಿಡಲಾಗದು ಅಲ್ಲವೆ? ಬಿಳಿ ಹಿಮ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹಿಮ ಕರಗಿ ಕಪ್ಪು ನೀರು ಕಂಡರೆ ಅದು ಬಿಸಿಲನ್ನು ಹೀರುತ್ತದೆ. ಕಾದ ನೀರು ಇನ್ನಷ್ಟು ಹಿಮವನ್ನು ಕರಗಿಸುತ್ತದೆ. 1979ರಿಂದೀಚೆಗೆ ಆ ಸೀಮೆ ಲೋಕದ ಸರಾಸರಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. 1980ರ ಸೆಪ್ಟೆಂಬರಿನಲ್ಲಿ, ಹಾಸು ಅತಿ ಕಿರಿದಾಗುವ ಹೊತ್ತಿಗೆ, ಅದು ಸುಮಾರು 75 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು.

ಇನ್ನು ನಮ್ಮ ಮನೆಯ ಲೆಕ್ಕ. ಕರ್ನಾಟಕದಲ್ಲಿ 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಈಗ ಜಲವಿದ್ಯುತ್ತು, ಗಾಳಿ ವಿದ್ಯುತ್ತು, ಪಾವಗಡದ ಸೂರ್ಯವಿದ್ಯುತ್ತು ಎಲ್ಲವೂ ಇವೆ. ಅವುಗಳ ಜೊತೆಗೆ ರಾಯಚೂರಿನಲ್ಲೂ ಬಳ್ಳಾರಿಯಲ್ಲೂ ಕಲ್ಲಿದ್ದಲಿನ ಸ್ಥಾವರಗಳಿವೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಅದು ಹೊರಗಿನಿಂದ ರೈಲಿನಲ್ಲಿ ಬರಬೇಕು. ಹೊತ್ತು ಮುಳುಗಿದ ಮೇಲೆ ಸೂರ್ಯವಿದ್ಯುತ್ತು ನಿಂತುಹೋಗುತ್ತದೆ, ಆಗ ಕಲ್ಲಿದ್ದಲಿನ ಮೇಲೆ ಹೊರೆ ಬೀಳುತ್ತದೆ. ದೇಶದ ಎಲ್ಲ ಬಗೆಯ ವಿದ್ಯುತ್ತನ್ನೂ ಒಟ್ಟು ಸೇರಿಸಿ ನೋಡಿದರೆ, ಒಂದು ಯುನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆ.

2016ರಲ್ಲಿ ಡರ್ಕ್ ನಾಟ್ಸ್, ಜೂಲಿಯೆನ್ ಸ್ಟ್ರೋವ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಲೆಕ್ಕ ಕಟ್ಟಿ ತೋರಿಸಿದರು. ಲೋಕದಲ್ಲಿ ಯಾರೇ ಆಗಲಿ, ಎಲ್ಲೇ ಆಗಲಿ, ಒಂದು ಟನ್ ಇಂಗಾಲಾಮ್ಲ ಬಿಟ್ಟರೆ ಸೆಪ್ಟೆಂಬರಿನ ಕಡಲಹಿಮದಲ್ಲಿ ಸುಮಾರು 3 ಚದರ ಮೀಟರ್ ಹೋಗುತ್ತದೆ. ಎಂದರೆ ಪಕ್ಕಪಕ್ಕಕ್ಕೆ ಎರಡು ಚಾಪೆ ಹಾಸುವಷ್ಟು ಜಾಗ. ಒಂದು ಟನ್ನಿಗೆ ಎರಡು ಚಾಪೆ ಹಿಮ: ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇಲ್ಲಿ ಒಬ್ಬರು ಕೇಳಬಹುದು: "ಹಿಮ ಕರಗಿಸಿದವರು ಶ್ರೀಮಂತ ದೇಶದವರು. ನಾವೇಕೆ ದೀಪ ಆರಿಸಬೇಕು?" ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್; ನಮ್ಮಲ್ಲಿ ತಲೆಗೆ ಸುಮಾರು 2 ಟನ್. ದೊಡ್ಡ ಹೊರೆ ಇಳಿಸಬೇಕಾದವರು ಅವರೇ. ಒಂದು ದೀಪದ ಮನೆಯವರು ಕತ್ತಲೆಯಲ್ಲಿ ಕೂರಬೇಕೆಂದು ಯಾರೂ ಹೇಳಕೂಡದು. ಆದರೆ ಬೇಕಾದದ್ದನ್ನು ಬಿಡುವುದು ಬೇರೆ, ಬೇಡದ್ದನ್ನು ನಿಲ್ಲಿಸುವುದು ಬೇರೆ. ನಾನು ಹೇಳುತ್ತಿರುವುದು ಎರಡನೆಯದನ್ನು.

ಮನೆಯಲ್ಲಿ ಮಾಡತಕ್ಕ ಕೆಲಸಗಳು ಹೀಗಿವೆ.

ಮೊದಲನೆಯದು ದೀಪ. ನಡುಮನೆಗೆ ಎಲ್‌ಇಡಿ ಬಂದಿದ್ದರೂ ಬಚ್ಚಲು, ಕೊಟ್ಟಿಗೆಗಳಲ್ಲಿ ಇನ್ನೂ 60 ವ್ಯಾಟಿನ ಹಳೆಯ ಬಲ್ಬು ಉಳಿದಿರುವುದುಂಟು. ಅದರ ಬದಲು 9 ವ್ಯಾಟಿನ ಎಲ್‌ಇಡಿ ಹಾಕಿದರೆ, ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 93 ಯುನಿಟ್ ಉಳಿಯುತ್ತದೆ. ಹದಿನೈದು ಮನೆಯವರು ಒಂದೊಂದು ಬಲ್ಬು ಬದಲಿಸಿದರೆ ಹತ್ತಿರ ಹತ್ತಿರ ಒಂದು ಟನ್ ಇಂಗಾಲಾಮ್ಲ ತಪ್ಪಿತು, ಎರಡು ಚಾಪೆ ಹಿಮ ಉಳಿಯಿತು.

ಎರಡನೆಯದು ಫ್ಯಾನು. ಹಳೆಯ ಫ್ಯಾನು 75 ವ್ಯಾಟಿನಷ್ಟು ಎಳೆಯುತ್ತದೆ. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. ಇದ್ದದ್ದನ್ನು ಬಿಸಾಡಬೇಡಿ. ಕೆಟ್ಟು ಹೊಸದು ಕೊಳ್ಳುವಾಗ ನೋಡಿ ಕೊಳ್ಳಿ.

ಮೂರನೆಯದು ಒಲೆ. ಇದು ತಾಯಂದಿರಿಗೆ ತಿಳಿದ ವಿಷಯ. ಬೇಳೆ ಕಾಳು ಮೊದಲೇ ನೆನೆಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿದರೆ ಗ್ಯಾಸೂ ಸೌದೆಯೂ ಉಳಿಯುತ್ತವೆ. ಸೌದೆ ಒಲೆಯೇ ಇದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯಂಥದ್ದು ಕಡಿಮೆ ಸೌದೆಯಲ್ಲಿ ಅಡಿಗೆ ಮಾಡಿ ಹೊಗೆಯನ್ನು ಹೊರಗೆ ಕಳಿಸುತ್ತದೆ. ನಾಲ್ಕೈದು ದನವಿರುವ ಮನೆಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ಸಾಕು. ಒಲೆಗೆ ಉರಿಯೂ ಬಂತು, ಹೊಲಕ್ಕೆ ಗೊಬ್ಬರವೂ ಬಂತು.

ನಾಲ್ಕನೆಯದು ಪಂಪ್‌ಸೆಟ್ಟು, ಎಲ್ಲಕ್ಕಿಂತ ದೊಡ್ಡದು. ಐದು ಅಶ್ವಶಕ್ತಿಯ ಮೋಟಾರು ಒಂದು ಗಂಟೆ ಓಡಿದರೆ ಸುಮಾರು 4 ಯುನಿಟ್. ಆಟೋ ಸ್ಟಾರ್ಟರ್ ಹಾಕಿ ನಾವು ಮಲಗಿರುತ್ತೇವೆ. ನಡುರಾತ್ರಿ ಕರೆಂಟು ಬರುತ್ತದೆ, ಮೋಟಾರು ಓಡುತ್ತದೆ, ಬದು ಒಡೆದು ನೀರು ಹಳ್ಳಕ್ಕೆ ಹರಿಯುತ್ತದೆ. ಬೆಳೆಗೂ ಹಿತವಿಲ್ಲ, ಕೊಳವೆಬಾವಿಗೂ ಹಿತವಿಲ್ಲ. ಹಗಲು ಕರೆಂಟು ಸಿಗುವ ಕಡೆ ಹಗಲೇ ನೀರು ಹಾಯಿಸಿ. ತೆರೆದ ಬಾವಿಯಾದರೆ ಫುಟ್‌ವಾಲ್ವು, ಪೈಪು ಕಿರಿದಾಗಿವೆಯೇ, ಬೇಡದ ತಿರುವುಗಳಿವೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿ. ಹನಿ ನೀರಾವರಿ ಆಗುವ ಬೆಳೆಗೆ ಅದನ್ನೇ ಮಾಡಿ.

"ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲವಲ್ಲ, ಉಳಿಸಿ ಏನು ಬಂತು?" ಅಂತ ಕೇಳುವವರುಂಟು. ಬಿಲ್ಲು ಬಾರದಿದ್ದರೂ ಕಲ್ಲಿದ್ದಲು ಉರಿಯುತ್ತದೆ. ಬಿಲ್ಲು ಬಾರದಿದ್ದರೂ ಅಂತರ್ಜಲ ಇಳಿಯುತ್ತದೆ. ಆ ಎರಡು ಬಿಲ್ಲುಗಳನ್ನು ಮಕ್ಕಳ ಕಾಲದಲ್ಲಿ ಯಾರೋ ಕಟ್ಟಲೇಬೇಕು.

ಒಂದು ಊರಿನ ಲೆಕ್ಕ ಹಾಕೋಣ. ನೂರು ಪಂಪ್‌ಸೆಟ್ಟಿನವರು ದಿನಕ್ಕೆ ಒಂದು ಗಂಟೆಯ ಪೋಲು ಓಟ ನಿಲ್ಲಿಸಿದರೆ, ವರ್ಷದಲ್ಲಿ ಇನ್ನೂರು ದಿನಕ್ಕೆ 80,000 ಯುನಿಟ್. ಅದು 56 ಟನ್ ಇಂಗಾಲಾಮ್ಲ. ಚಾಪೆ ಲೆಕ್ಕ ಬಿಟ್ಟು ನಮ್ಮ ಲೆಕ್ಕಕ್ಕೆ ಬಂದರೆ ಒಂದೂವರೆ ಗುಂಟೆಗೂ ಮಿಕ್ಕಿದ ಹಿಮ. ಆ ಊರಿನವರು ಕಾಣದ ಕಡಲಿನಲ್ಲಿ ಒಂದೂವರೆ ಗುಂಟೆ ಹೊಲ ಉಳಿಸಿದ ಹಾಗಾಯಿತು.

ಇಷ್ಟರಿಂದಲೇ ಕರಡಿ ಬದುಕೀತೆಂದು ನಾನು ಹೇಳಲಾರೆ. ಕಲ್ಲಿದ್ದಲಿನ ಬದಲು ಬಿಸಿಲು, ಗಾಳಿಯ ವಿದ್ಯುತ್ತು ಹೆಚ್ಚಬೇಕು. ದೊಡ್ಡ ದೇಶಗಳು, ದೊಡ್ಡ ಕಾರ್ಖಾನೆಗಳು ತಮ್ಮ ಪಾಲು ಇಳಿಸಬೇಕು. ಆದರೆ ಕರಗುವ ಹಿಮ ದೊಡ್ಡವರ ಟನ್, ಚಿಕ್ಕವರ ಟನ್ ಅಂತ ಬೇರೆ ಮಾಡುವುದಿಲ್ಲ. ಒಮ್ಮೆ ಬಿಟ್ಟ ಇಂಗಾಲಾಮ್ಲದಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ. ಹಾಗೆಯೇ ಬಿಡದೆ ತಪ್ಪಿಸಿದ್ದು ಅಷ್ಟು ಕಾಲದ ಉಳಿತಾಯ. ಹನಿ ಹನಿಗೂಡಿದರೆ ಹಳ್ಳ ಎಂಬುದು ನಮ್ಮ ಹಿರಿಯರ ಮಾತು. ಅದು ಕರಗುವುದಕ್ಕೂ ಸರಿ, ಉಳಿಸುವುದಕ್ಕೂ ಸರಿ.

ಆದ್ದರಿಂದ ಈ ರಾತ್ರಿ ಮಲಗುವ ಮುಂಚೆ ಮನೆಯಲ್ಲಿ ಒಂದು ಸುತ್ತು ಬನ್ನಿ. ಯಾರೂ ಇಲ್ಲದ ಕೋಣೆಯ ದೀಪ ಆರಿಸಿ. ನಾಳೆ ಬೆಳಗ್ಗೆ ತೋಟಕ್ಕೆ ಹೋಗಿ ಪೈಪು ಎಲ್ಲಿ ಸೋರುತ್ತಿದೆ ನೋಡಿ, ಕಟ್ಟಿ. ಚಳಿಗಾಲದಲ್ಲಿ ಕೆರೆಯಂಗಳಕ್ಕೆ ಆ ಪುಟ್ಟ ಹಕ್ಕಿಗಳು ಬಂದಾಗ ಅವು ಎಲ್ಲಿಂದ ಬಂದವು ಎಂಬುದನ್ನು ಮಕ್ಕಳಿಗೆ ತೋರಿಸಿ ಹೇಳಿ.