ಎತ್ತರದ ಸಾಲು

ಹುಬ್ಬಳ್ಳಿ-ಧಾರವಾಡದ ಅನೇಕ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಾರೆ. ಗಿಡ್ಡ ಮಗು ಮುಂದೆ, ಉದ್ದ ಮಗು ಹಿಂದೆ. ತನ್ನ ಮೈಯನ್ನು ಪಕ್ಕದವರ ಮೈಯೊಂದಿಗೆ ಅಳೆಯುವ ರೂಢಿ ಮಗುವಿಗೆ ಇಂಥಲ್ಲೇ ಹತ್ತುತ್ತದೆ. ಡುಮ್ಮ, ಕಡ್ಡಿ ಎಂಬ ಅಡ್ಡಹೆಸರುಗಳೂ ಅಂಟುತ್ತವೆ. ಅವು ಎಳೆಯ ಮನಸ್ಸನ್ನು ನಿಜಕ್ಕೂ ನೋಯಿಸುತ್ತವೆ.

ಬೆಳವಣಿಗೆ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಎತ್ತರವಾಗುತ್ತಾರೆ. ಮೈಕಟ್ಟು ಬಹುಪಾಲು ತಂದೆತಾಯಿಯ ಬಳುವಳಿ. ಇದನ್ನು ಮನೆಯವರು ಬಿಡಿಸಿ ಹೇಳಿದರೆ ಮಗುವಿನ ಅಳುಕು ಕಡಿಮೆಯಾಗುತ್ತದೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನೆಲೆಸಿದ ಗಾಯಕಿ ಗಂಗೂಬಾಯಿ ಹಾನಗಲ್ ಅವರದು ಸಣ್ಣ ಮೈಕಟ್ಟು. ಕಂಠ ಮಾತ್ರ ಗಂಡುದನಿಯಷ್ಟು ಗಂಭೀರ. ಅವರ ಹಾಡನ್ನು ಮೈಕಟ್ಟಿನ ಬಗ್ಗೆ ಅಳುಕುವ ಮಕ್ಕಳಿಗೆ ಅಗತ್ಯವಾಗಿ ಕೇಳಿಸಬೇಕು. ಆದರೆ ಮಗುವಿನ ಎತ್ತರ ಏರದಿದ್ದರೆ ಅಥವಾ ತೀರಾ ನಿಧಾನವಾಗಿ ಏರುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.